ನಮ್ಮ ರಕ್ತ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ



ಹತ್ತಿ ಬಿಡಿಸುವ ದಿನಗಳಲ್ಲಿ ಶಹಾಪುರ, ಸುರಪುರದ ಹೊಲಗಳಲ್ಲಿ ನೀವು ಈ ನೋಟವನ್ನು ಕಂಡಿರಬಹುದು. ಸಾಲು ಹಿಡಿದು ಹೊರಟ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಅರ್ಧ ಸಾಲಿಗೇ ನಿಂತು ಬದುವಿನ ಮೇಲೆ ಕುಳಿತುಬಿಡುತ್ತಾಳೆ. ಎದೆ ಡವಡವ ಬಡಿಯುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. "ಬಿಸಿಲು ಬಡಿದದ" ಎಂದು ಒಬ್ಬರು ಅಂದರೆ, "ಮೈಗಳ್ಳಿ" ಎಂದು ಇನ್ನೊಬ್ಬರು ಮೂಗು ಮುರಿಯುತ್ತಾರೆ. ಊರ ಆಶಾ ಕಾರ್ಯಕರ್ತೆ ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, "ರಕ್ತ ಕಮ್ಮಿ ಅದ, ಗುಳಗಿ ತಗೋ ಅಕ್ಕ" ಎಂದು ಹೇಳುತ್ತಾಳೆ. ಆ ಗುಳಿಗೆ ಗೂಡಿನಲ್ಲಿ ಹಾಗೆಯೇ ಉಳಿಯುವುದೂ ಉಂಟು.

"ರಕ್ತ ಕಮ್ಮಿ" ಎಂದರೆ ಕೊಡದಲ್ಲಿಯ ನೀರು ಇಳಿದಂತೆ ಮೈಯಲ್ಲಿಯ ರಕ್ತ ಇಳಿದಿದೆ ಎಂದು ಅರ್ಥವಲ್ಲ. ಆಳಿನ ಮೈಯಲ್ಲಿ ಸುಮಾರು ಐದು ಲೀಟರು ರಕ್ತ ಇರುತ್ತದೆ. ರಕ್ತ ಕಮ್ಮಿ ಆದವರಲ್ಲಿಯೂ ಅಳತೆ ಬಹುಮಟ್ಟಿಗೆ ಅಷ್ಟೇ ಇರಬಹುದು. ಕಡಿಮೆಯಾಗಿರುವುದು ಅದರೊಳಗಿನ ಕೆಂಪು ವಸ್ತು. ನೀರು ಬೆರೆಸಿದ ಹಾಲು ನೋಡುವುದಕ್ಕೆ ಚರಿಗೆ ತುಂಬ ಇದ್ದರೂ ಕೆನೆಗಟ್ಟುವುದಿಲ್ಲವಲ್ಲ, ಇದೂ ಹಾಗೆಯೇ.

ರಕ್ತದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಹಳದಿ ಬಣ್ಣದ ತಿಳಿನೀರಿನಲ್ಲಿ ಮೂರು ಬಗೆಯ ಕಣಗಳು ತೇಲುತ್ತಿರುವುದು ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿರುವವು ಕೆಂಪುಕಣಗಳು. ಆರೋಗ್ಯವಂತರ ಒಂದೇ ಹನಿಯಲ್ಲಿ ಸುಮಾರು 25 ಕೋಟಿ. ಬಿಳಿಕಣಗಳು ಬಲು ಕಡಿಮೆ, ಆರೇಳು ನೂರು ಕೆಂಪುಕಣಕ್ಕೆ ಒಂದರಂತೆ. ಮೂರನೆಯವು ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಚೂರುಗಳು.

ಇವೆಲ್ಲ ಎಲ್ಲಿ ಹುಟ್ಟುತ್ತವೆ? ಹೃದಯದಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಹೃದಯ ರಕ್ತವನ್ನು ತಳ್ಳುವ ಪಂಪು ಮಾತ್ರ. ರಕ್ತಕಣಗಳು ಹುಟ್ಟುವುದು ಎಲುಬಿನೊಳಗೆ. ಮಾಂಸ ಉಣ್ಣುವ ಮನೆಯವರು ನಳ್ಳಿ ಎಲುಬನ್ನು ತಾಟಿಗೆ ಕುಟ್ಟಿ ಒಳಗಿನ ಮೆತ್ತಗಿನ ಪದಾರ್ಥವನ್ನು ಹೀರುತ್ತಾರಲ್ಲ, ಅದಕ್ಕೆ ಮಜ್ಜೆ ಎಂದು ಹೆಸರು. ಸಣ್ಣ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲ ಎಲುಬುಗಳ ಮಜ್ಜೆಯೂ ರಕ್ತಕಣಗಳನ್ನು ತಯಾರಿಸುತ್ತದೆ. ದೊಡ್ಡವರಾದ ಮೇಲೆ ಈ ಕೆಲಸ ಬೆನ್ನೆಲುಬು, ಎದೆಯೆಲುಬು, ಪಕ್ಕೆಲುಬು, ಸೊಂಟದ ಎಲುಬು, ತಲೆಬುರುಡೆಗಳಿಗೂ, ತೋಳು ತೊಡೆಗಳ ಮೇಲ್ತುದಿಗೂ ಉಳಿಯುತ್ತದೆ. ಉಳಿದ ಎಲುಬುಗಳ ಮಜ್ಜೆ ಬರೇ ಕೊಬ್ಬಾಗಿಬಿಡುತ್ತದೆ. ಕೂಸು ಇನ್ನೂ ಹೊಟ್ಟೆಯಲ್ಲಿರುವಾಗ ಎಲುಬು ಬಲಿತಿರುವುದಿಲ್ಲವಾದ್ದರಿಂದ ಈ ಕೆಲಸವನ್ನು ಬಹುಪಾಲು ಅದರ ಲಿವರ್ ನಡೆಸಿಕೊಡುತ್ತದೆ.

ಮಜ್ಜೆಯಲ್ಲಿ ಮೂಲಕಣಗಳು ಎಂಬ ಬೀಜದ ಕಣಗಳಿವೆ. ಬೀಜದ ಜೋಳವನ್ನು ಉಣ್ಣದೆ ಮುಂದಿನ ವರ್ಷಕ್ಕೆ ತೆಗೆದಿಡುವಂತೆ ಈ ಕಣಗಳು ತಮ್ಮ ಸಂಖ್ಯೆಯನ್ನು ಕಾಯ್ದುಕೊಂಡೇ ಒಡೆದು ಹೊಸ ಕಣಗಳನ್ನು ಕೊಡುತ್ತವೆ. ಒಂದೇ ಮೂಲದಿಂದ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಹೊರಡುತ್ತವೆ. ಕೆಂಪುಕಣ ಬಲಿಯುವುದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ರಕ್ತದ ಹರಿವಿಗೆ ಇಳಿಯುವ ಮುನ್ನ ಅದು ತನ್ನ ನಡುವಿನ ತಿರುಳನ್ನೇ ಹೊರಗೆ ಎಸೆದು, ನಡುವೆ ತಗ್ಗಾದ ಚಪ್ಪಟೆ ಬಿಲ್ಲೆಯಾಗುತ್ತದೆ. ಹೊರೆ ಹೊರುವುದಕ್ಕೆ ಜಾಗ ಬೇಕಲ್ಲವೆ? ಆ ಹೊರೆ ಆಮ್ಲಜನಕ. ಉಸಿರಾಡಿದ ಗಾಳಿಯಿಂದ ಅದನ್ನು ಪುಪ್ಪುಸದಲ್ಲಿ ಏರಿಸಿಕೊಂಡು ಕೈ, ಕಾಲು, ಮಿದುಳುಗಳಿಗೆ ಇಳಿಸಿ ಬರುವುದೇ ಕೆಂಪುಕಣದ ಕೆಲಸ. ಈ ಸಂಚಾರ ಸುಮಾರು 120 ದಿನ ನಡೆಯುತ್ತದೆ, ಹಿಂಗಾರಿ ಜೋಳ ಬಿತ್ತಿ ಕೊಯ್ಯುವಷ್ಟು ಕಾಲ. ಆಮೇಲೆ ಮುಪ್ಪಾದ ಕಣವನ್ನು ಗುಲ್ಮ ಮತ್ತು ಲಿವರ್ ಒಡೆದು ಹಾಕುತ್ತವೆ. ಹೀಗೆ ಒಡೆದುಹೋದವುಗಳ ಸ್ಥಾನ ತುಂಬಲು ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪುಕಣಗಳನ್ನು ಹೊರಗೆ ಬಿಡುತ್ತದೆ. ನೀವು ಈ ಸಾಲನ್ನು ಓದಿ ಮುಗಿಸುವುದರೊಳಗೆ ಒಂದು ಕೋಟಿ ಹುಟ್ಟಿರುತ್ತವೆ.

ಎಷ್ಟು ತಯಾರಿಸಬೇಕೆಂಬುದನ್ನು ಮಜ್ಜೆಗೆ ತಿಳಿಸುವುದು ಮೂತ್ರಪಿಂಡ. ಆಮ್ಲಜನಕ ಸಾಲದಾದಾಗ ಅದು ಒಂದು ರಸವನ್ನು ರಕ್ತಕ್ಕೆ ಬಿಟ್ಟು, ಇನ್ನೂ ಕಣ ಬೇಕೆಂದು ಹೇಳಿ ಕಳಿಸುತ್ತದೆ. ಮೂತ್ರಪಿಂಡ ಕೆಟ್ಟವರು ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಬಿಳಿಕಣಗಳು ಮೈಯ ಕಾವಲುಗಾರರು. ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾದರೆ, ಆ ಕೀವಿನಲ್ಲಿ ಬಹುಪಾಲು ರೋಗಾಣುಗಳೊಡನೆ ಕಾದಾಡಿ ಸತ್ತ ಬಿಳಿಕಣಗಳೇ. ಕೆಲವು ಬಗೆಯ ಬಿಳಿಕಣಗಳು ಒಮ್ಮೆ ಬಂದ ವೈರಿಯ ಗುರುತನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ. ಲಸಿಕೆಯ ಗುಟ್ಟು ಇದೇ. 1975ರಲ್ಲಿ ನಮ್ಮ ದೇಶದಿಂದ ಸಿಡುಬು ತೊಲಗಿದ್ದು ಈ ನೆನಪಿನ ಬಲದಿಂದ. ಇನ್ನು ಪ್ಲೇಟ್‌ಲೆಟ್‌ಗಳು ಬದುಕುವುದು ಏಳೆಂಟು ದಿನ, ಹೆಚ್ಚೆಂದರೆ ಹತ್ತು. ಕುಡುಗೋಲು ತಾಗಿ ಬೆರಳು ಕೊಯ್ದರೆ ಒಡೆದ ಕಾಲುವೆಗೆ ಮಣ್ಣಿನ ಚೀಲ ಒಟ್ಟಿದಂತೆ ಇವು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ರಕ್ತದ ನೀರಿನಲ್ಲಿರುವ ಬೇರೆ ಪದಾರ್ಥಗಳು ನೂಲಿನಂತೆ ಹೆಣೆದು ಹೆಪ್ಪುಗಟ್ಟಿಸುತ್ತವೆ. ಕೊಳಕುಮಂಡಲ ಹಾವಿನ ವಿಷ ಈ ಹೆಪ್ಪುಗಟ್ಟುವ ಪದಾರ್ಥವನ್ನೇ ತೀರಿಸಿಬಿಡುತ್ತದೆ. ಹಾವು ಕಚ್ಚಿದವರ ರಕ್ತವನ್ನು ಆಸ್ಪತ್ರೆಯಲ್ಲಿ ಗಾಜಿನ ಕೊಳವೆಯಲ್ಲಿ ತೆಗೆದುಕೊಂಡು 20 ನಿಮಿಷ ಅಲುಗಿಸದೆ ಇಡುವುದು ಅದನ್ನು ತಿಳಿಯಲಿಕ್ಕೆ. ಇದನ್ನು ಕಂಡು "ಸುಮ್ಮನೆ ಕೂಡಿಸಿದರು" ಎಂದು ಸಿಟ್ಟಾಗಬೇಡಿರಿ.

ಮತ್ತೆ ಬದುವಿನ ಮೇಲೆ ಕುಳಿತ ಆ ಹೆಣ್ಣುಮಗಳ ಮಾತಿಗೆ ಬರೋಣ.

ಕೆಂಪುಕಣಕ್ಕೆ ಬಣ್ಣ ಕೊಡುವ, ಆಮ್ಲಜನಕ ಹಿಡಿಯುವ ಪದಾರ್ಥದ ಹೆಸರು ಹಿಮೋಗ್ಲೋಬಿನ್. ಅದನ್ನು ಕಟ್ಟಲು ಕಬ್ಬಿಣ ಬೇಕು. ನೇಗಿಲ ಕುಳದಲ್ಲಿರುವ ಕಬ್ಬಿಣವೇ. ಇಡೀ ಮೈಯಲ್ಲಿ ಇರುವುದು ಮೂರು ನಾಲ್ಕು ಗ್ರಾಂ, ಒಂದು ಮೊಳೆಯ ತೂಕ. ಅದರಲ್ಲಿ ಮೂರರಲ್ಲಿ ಎರಡು ಪಾಲು ರಕ್ತದಲ್ಲಿಯೇ ಇರುತ್ತದೆ. ಮುಪ್ಪಾದ ಕಣ ಒಡೆದಾಗ ಅದರ ಕಬ್ಬಿಣವನ್ನು ಮೈ ಚೆಲ್ಲುವುದಿಲ್ಲ. ದಿನಕ್ಕೆ ಸುಮಾರು 20 ಮಿಲಿಗ್ರಾಂನಷ್ಟನ್ನು ಆಯ್ದು ಮಜ್ಜೆಗೆ ಮರಳಿಸುತ್ತದೆ. ಮಿಕ್ಕಿದ್ದನ್ನು ಲಿವರ್ ಮುಂತಾದ ಕಡೆ ಹಗೇವಿನಲ್ಲಿ ಜೋಳ ತುಂಬಿಟ್ಟಂತೆ ಇಟ್ಟುಕೊಳ್ಳುತ್ತದೆ. ಇಷ್ಟು ಜೋಪಾನವಿದ್ದರೂ ಗಂಡಸಿಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ನಷ್ಟವಾಗುತ್ತದೆ. ತಿಂಗಳ ಮುಟ್ಟು ಇರುವ ಹೆಂಗಸಿಗೆ ಸರಾಸರಿ ಒಂದೂವರೆ ಮಿಲಿಗ್ರಾಂ. ಈ ಖರ್ಚನ್ನು ಊಟದಿಂದಲೇ ತುಂಬಬೇಕು.

ಈಗ ಜಮೆಯನ್ನು ನೋಡಿರಿ. ಕಾಳುಕಡಿ, ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ನಮ್ಮ ಕರುಳು ಹೀರಿಕೊಳ್ಳುವುದು ನೂರಕ್ಕೆ ಐದರಿಂದ ಎಂಟು ಭಾಗ ಮಾತ್ರ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ, ಸಜ್ಜೆಯಲ್ಲಿ 6ಕ್ಕೂ ಮೇಲೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ದಿನಕ್ಕೆ ಅರ್ಧ ಕಿಲೋ ಜೋಳದ ಹಿಟ್ಟಿನ ರೊಟ್ಟಿ ಉಂಡವರಿಗೆ ಆ ರೊಟ್ಟಿಯಿಂದಲೇ ಒಂದು ಮಿಲಿಗ್ರಾಂ ಮೈಗೆ ಹತ್ತುತ್ತದೆ. ಅಷ್ಟೇ ತೂಕದ ಅಕ್ಕಿಯಿಂದ ಅದರ ಕಾಲುಭಾಗವೂ ಹತ್ತುವುದು ಕಷ್ಟ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರು ಬಂದದ್ದು ಒಳ್ಳೆಯದೇ ಆಯಿತು, ಅದಕ್ಕೆ ತಕರಾರಿಲ್ಲ. ಆದರೆ ರೊಟ್ಟಿಯ ಬುಟ್ಟಿ ಸಣ್ಣದಾಗಿ ಅನ್ನದ ಗಡಿಗೆ ದೊಡ್ಡದಾದ ಮನೆಯಲ್ಲಿ ಕಬ್ಬಿಣದ ಜಮೆ ಇಳಿದಿದೆ ಎಂಬುದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ಅದರ ಮೇಲೆ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಗೆ ಪಲ್ಯದ ತಳ, ಬೇಳೆಯ ತಿಳಿ ಮಾತ್ರ ಉಳಿಯುತ್ತದೆ. ಖರ್ಚು ಹೆಚ್ಚಿರುವವಳಿಗೇ ಜಮೆ ಕಡಿಮೆ.

ಬಸುರಿಯಾದಾಗ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಕೂಸಿಗೆ, ಮಾಸಿಗೆ, ಹೆಚ್ಚುವ ರಕ್ತಕ್ಕೆ ಎಲ್ಲ ಸೇರಿ ಒಂದು ಬಸಿರಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಹಗೇವು ಮೊದಲೇ ಖಾಲಿಯಿದ್ದರೆ ಅದು ಬರಬೇಕಾದುದು ಎಲ್ಲಿಂದ? ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ತುಂಬಿದ ಮೈಯವಳು ಅದನ್ನು ತಡೆದುಕೊಳ್ಳುತ್ತಾಳೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರುವವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಎರವಾಗಬಹುದು. ಇದಕ್ಕಾಗಿಯೇ ಸರಕಾರದವರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣದ ಗುಳಿಗೆಗಳನ್ನೂ, ಹೆರಿಗೆಯ ನಂತರ ಮತ್ತೆ 180 ಗುಳಿಗೆಗಳನ್ನೂ ಪುಕ್ಕಟೆಯಾಗಿ ಕೊಡುತ್ತಾರೆ. ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎಂಬ ಅಂಜಿಕೆ ಕೆಲವು ಮನೆಗಳಲ್ಲಿದೆ. ಕೂಸಿನ ಬಣ್ಣ ತಾಯಿತಂದೆಗಳಿಂದ ಬರುತ್ತದೆ. ಕಪ್ಪಾಗುವುದು ಮಲ; ಕರುಳು ಹೀರದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಹಾಗಾಗುತ್ತದೆ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ಅಥವಾ ರಾತ್ರಿ ಮಲಗುವ ಹೊತ್ತಿಗೆ ತೆಗೆದುಕೊಳ್ಳಬಹುದು. ಚಹಾದೊಡನೆಯಂತೂ ಬೇಡ. ಚಹಾದ ಒಗರು ಕಬ್ಬಿಣವನ್ನು ಕರುಳಿಗೆ ಹತ್ತಗೊಡುವುದಿಲ್ಲ. ಸುಣ್ಣದ ಅಂಶದ ಗುಳಿಗೆಯನ್ನೂ ಬೇರೆ ಹೊತ್ತಿಗೆ ನುಂಗತಕ್ಕದ್ದು.

ಬಸುರಿಯರು ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನುವುದನ್ನು ನಾವು ಬಯಕೆ ಎಂದು ನಕ್ಕು ಬಿಡುತ್ತೇವೆ. ಅದು ಅನೇಕ ವೇಳೆ ಕಬ್ಬಿಣದ ಕೊರತೆಯ ಗುರುತು.

ಊಟದಲ್ಲಿ ಮಾಡಬಹುದಾದದ್ದು ಬಹಳಿದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿಯನ್ನು ಬಿಡಬಾರದು. ರಾಜಗಿರಿ, ಮೆಂತೆ, ಪುಂಡಿಪಲ್ಯ, ತೊಗರಿ, ಹೆಸರು, ಎಳ್ಳಿನ ಹಿಂಡಿ ಎಲ್ಲವೂ ಆಗುತ್ತವೆ. ಉಣ್ಣುವಾಗ ಮೇಲೆ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಪುಂಡಿಪಲ್ಯದಂಥ ಹುಳಿಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯಿಂದಲೂ ಒಂದಿಷ್ಟು ಇಳಿಯುತ್ತದೆ. ಮಾಂಸ, ಮೀನು ಉಣ್ಣುವವರಿಗೆ ಅದರಲ್ಲಿಯ ಕಬ್ಬಿಣ ಕಾಳಿನದಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಬೀಟ್‌ರೂಟಿನ ಮೇಲೆ ಮಾತ್ರ ಬಹಳ ಭರವಸೆ ಬೇಡ. ಕೆಂಪಗಿರುವುದೆಲ್ಲ ರಕ್ತವಾಗುವುದಾದರೆ ಮೆಣಸಿನಕಾಯಿ ತಿನ್ನುವ ನಮ್ಮಲ್ಲಿ ಯಾರಿಗೂ ಕೊರತೆಯೇ ಇರುತ್ತಿರಲಿಲ್ಲ.

ಜಮೆ ಸರಿಯಿದ್ದರೂ ಕಳ್ಳ ಸೋರಿಕೆ ಇರಬಹುದು. ಬಯಲಲ್ಲಿ ಮಲವಿಸರ್ಜನೆ ಮಾಡಿದ ತಂಪಾದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಇರುತ್ತವೆ. ಬರಿಗಾಲಲ್ಲಿ ನಡೆದವರ ಬೆರಳ ಸಂದಿಯ ತೊಗಲನ್ನು ತೂರಿ ಒಳಸೇರಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಒಂದು ಹುಳು ದಿನಕ್ಕೆ ಹೀರುವುದು ಒಂದು ಹನಿಗಿಂತ ಕಡಿಮೆ. ನೂರು ಹುಳು ಇದ್ದರೆ ದಿನಕ್ಕೆ ಮೂರು ಮಿಲಿಲೀಟರು, ಅದರೊಡನೆ ಒಂದೂವರೆ ಮಿಲಿಗ್ರಾಂನಷ್ಟು ಕಬ್ಬಿಣ. ಹೆಂಗಸೊಬ್ಬಳ ಇಡೀ ದಿನದ ಖರ್ಚು ಹೀಗೆ ಎರಡು ಪಟ್ಟಾಯಿತು! ಶೌಚಾಲಯ ಕಟ್ಟಿ ಅದರಲ್ಲಿ ಕಟ್ಟಿಗೆ ತುಂಬಿಟ್ಟವರು ಈ ಲೆಕ್ಕವನ್ನು ಇನ್ನೊಮ್ಮೆ ಓದತಕ್ಕದ್ದು. ಮಕ್ಕಳಿಗೆ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳುವಿನ ಗುಳಿಗೆ ಕೊಡುತ್ತಾರೆ. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿರಿ.

ಮಲೇರಿಯಾ ಇನ್ನೊಂದು ಸೋರಿಕೆ. ಅದರ ರೋಗಾಣು ಕೆಂಪುಕಣದೊಳಗೇ ಹೊಕ್ಕು, ಮರಿ ಹಾಕಿ, ಕಣವನ್ನು ಒಡೆದುಕೊಂಡು ಹೊರಬರುತ್ತದೆ. ಚಳಿಜ್ವರ ಬರುವುದು ಆಗಲೇ. ಈ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯರು 1897ರ ಆಗಸ್ಟ್ 20ರಂದು ಕಂಡುಹಿಡಿದದ್ದು ಸಿಕಂದರಾಬಾದಿನಲ್ಲಿ. ಯಾದಗಿರಿಯಲ್ಲಿ ರೈಲು ಹತ್ತಿ ವಾಡಿಯ ಮೇಲೆ ಹೋದರೆ ಅದೇ ಊರು ಸಿಗುತ್ತದೆ. ಆಗ ಅದರ ಸುತ್ತಲ ಸೀಮೆಯಂತೆ ನಮ್ಮ ಮೂರು ತಾಲೂಕುಗಳೂ ನಿಜಾಮರ ಆಡಳಿತದಲ್ಲಿದ್ದವು.

ಕೊರತೆ ನಮ್ಮೊಬ್ಬರದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೂ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೂ ರಕ್ತಹೀನತೆ ಕಂಡುಬಂತು. ಗಂಡಸರಲ್ಲಿ ಅದು ಸುಮಾರು 20.

ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗುತ್ತದೆ. ಹಿಮೋಗ್ಲೋಬಿನ್ ಗಂಡಸಿಗೆ 13, ಹೆಂಗಸಿಗೆ 12, ಬಸುರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದು ತಿಳಿಯಬೇಕು. ಗುಳಿಗೆ ಆರಂಭಿಸಿದ ಒಂದು ವಾರದೊಳಗೆ ಮಜ್ಜೆ ಚುರುಕಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಅಂಕಿ ಏರುತ್ತದೆ. ಅಷ್ಟಕ್ಕೇ ಗುಳಿಗೆ ನಿಲ್ಲಿಸುವವರೇ ಹೆಚ್ಚು. ಅಂಕಿ ಸರಿಹೋದ ಮೇಲೂ ಹಗೇವು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಒಂದು ತಿಂಗಳಾದರೂ ಅಂಕಿ ಏರದಿದ್ದರೆ ಕೊರತೆ ಕಬ್ಬಿಣದ್ದಲ್ಲದೆ ಇರಬಹುದು. ಫೋಲಿಕ್ ಆಮ್ಲ, ಬಿ-12 ಎಂಬ ಜೀವಸತ್ವಗಳು ಸಾಲದಿರಬಹುದು. ವಂಶದಿಂದ ಬಂದ ಥಲಸ್ಸೀಮಿಯದಂಥ ದೋಷವೂ ಇರಬಹುದು. ಆಗ ಅದೇ ಗುಳಿಗೆಯನ್ನು ಮುಂದುವರಿಸುತ್ತ ಕೂಡದೆ, ಪರೀಕ್ಷೆಯ ಚೀಟಿ ಹಿಡಿದುಕೊಂಡು ತಾಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು.