ಗುಜರಿಯ ರಾಶಿಯಲ್ಲಿ ಕಾಯಕದ ಕಬ್ಬಿಣ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳಲ್ಲಿ ಯಾವುದಕ್ಕೆ ಹೋದರೂ ಹಳೆಯ ಕಬ್ಬಿಣದ ಅಂಗಡಿಯೊಂದು ಕಣ್ಣಿಗೆ ಬೀಳದೆ ಇರದು. ಮುರಿದ ಸೈಕಲ್ಲು, ಕೊಳವೆಬಾವಿಯ ತುಂಡು ಪೈಪು, ಟ್ರ್ಯಾಕ್ಟರಿನ ಸವೆದ ಬಿಡಿಭಾಗ ಇವುಗಳ ರಾಶಿಯನ್ನು ಸ್ವಲ್ಪ ಸರಿಸಿ ನೋಡಿದರೆ ಅಡಿಯಲ್ಲಿ ಕುಡಗೋಲು, ಕುರ್ಪಿ, ಬಾಚಿ, ಉಳಿ, ಕುಂಟೆಯ ಕುಡ, ಕೊಡಲಿ ತುಕ್ಕು ಹಿಡಿದು ಬಿದ್ದಿರುತ್ತವೆ. ಅಂಗಡಿಯವನಿಗೆ ಇವೆಲ್ಲ ಒಂದೇ. ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಕೊಂಡಿರುತ್ತಾನೆ, ಅದೇ ಲೆಕ್ಕದಲ್ಲಿ ಕರಗಿಸುವ ಕಾರ್ಖಾನೆಗೆ ಲಾರಿಯಲ್ಲಿ ಕಳುಹಿಸುತ್ತಾನೆ. ಕಳೆದ ಕೆಲವು ವರ್ಷಗಳಿಂದ ನಾವು ಈ ಅಂಗಡಿಗಳಲ್ಲಿ ಮತ್ತು ವಾರದ ಸಂತೆಗಳ ಅಂಚಿನಲ್ಲಿ ಕುಳಿತು ಹಳೆಯ ಸಾಮಾನು ಮಾರುವವರ ಬಳಿ ಹುಡುಕಾಡುತ್ತಿದ್ದೇವೆ. ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ಈ ಸಲಕರಣೆಗಳು ಗುಜರಿಗೆ ಬಂದು ಬಿದ್ದ ಬಗೆಯನ್ನು ತಿಳಿಯುವುದು ಕಷ್ಟವಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಬದಿಯಲ್ಲಿ ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ಸಿಂಧನೂರಿನ ಸೀಮೆ ಭತ್ತದ ಕಣಜವೆನಿಸಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು, ಕುಡಗೋಲಿನ ಜಾಗಕ್ಕೆ ಕಟಾವಿನ ಯಂತ್ರ ಬಂದವು. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಪಡೆದು ಊರಿನ ರಂಟೆ, ಕೂರಿಗೆ, ಬಂಡಿಗಳನ್ನು ನೋಡಿಕೊಳ್ಳುತ್ತಿದ್ದ ಬಡಿಗೇರರಿಗೂ ಕಂಬಾರರಿಗೂ ಆಯ ನಿಂತಿತು. ಕುಲುಮೆಯ ತಿದಿ ಹರಿದರೆ ಮತ್ತೆ ಹೊಲಿಸುವವರಿಲ್ಲ. ಮಕ್ಕಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದರು. ಅಟ್ಟದ ಮೇಲಿನ ಪೆಟ್ಟಿಗೆ ಗುಜರಿಗೆ ಹೋಯಿತು. ಇದರಲ್ಲಿ ಯಾರ ತಪ್ಪನ್ನೂ ಎಣಿಸಲಾಗದು. ನೀರು ಬಂದುದರಿಂದ ಹಸಿವು ಹಿಂಗಿದ ಮನೆಗಳು ಎಷ್ಟೋ ಇವೆ.

ಆದರೆ ನಷ್ಟವಾದದ್ದು ಏನೆಂಬುದು ನಮಗೆ ತಿಳಿದದ್ದು ಒಬ್ಬ ತರುಣನಿಂದ. ಲಿಂಗಸುಗೂರು ತಾಲೂಕಿನ ಹಳ್ಳಿಯ ಬಡಿಗತನದ ಮನೆಯವನು. ಬಾಗಿಲು ಕಿಟಕಿ ಮಾಡುವ ಕೆಲಸ ಕಲಿತು, ಸಾಲ ಮಾಡಿ ವಿದ್ಯುತ್ತಿನ ಯಂತ್ರಗಳನ್ನು ಕೊಂಡಿದ್ದ. ಯಂತ್ರ ಕೆಟ್ಟರೆ ದಿನದ ದುಡಿಮೆ ನಿಲ್ಲುತ್ತಿತ್ತು, ಕರೆಂಟು ಹೋದರೂ ನಿಲ್ಲುತ್ತಿತ್ತು, ಸಾಲದ ಕಂತು ಮಾತ್ರ ನಿಲ್ಲುತ್ತಿರಲಿಲ್ಲ. ಕೈ ಉಳಿಗಳಿದ್ದರೆ ಅರ್ಧ ಕೆಲಸವಾದರೂ ಸಾಗುತ್ತಿತ್ತೆಂದು ಅವನು ನಮ್ಮ ಮುಂದೆ ಹೇಳಿಕೊಂಡ. ಅಜ್ಜನ ಪೆಟ್ಟಿಗೆ ಏನಾಯಿತೆಂದು ಕೇಳಿದೆವು. ಮನೆಯ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಹಿರಿಯರು ಅದನ್ನು ತೂಕಕ್ಕೆ ಮಾರಿದ್ದರು. ಪೆಟ್ಟಿಗೆ ಹೋಗಿ ಬಹಳ ದಿನಗಳಾಗಿರಲಿಲ್ಲವಾದ್ದರಿಂದ ಅವನನ್ನು ಕರೆದುಕೊಂಡು ಅಂಗಡಿಗಳನ್ನು ಸುತ್ತಿದೆವು. ಸಿಂಧನೂರಿನ ಒಂದು ಅಂಗಡಿಯಲ್ಲಿ ಬಾಚಿ ಸಿಕ್ಕಿತು, ಎರಡು ಉಳಿಗಳೂ ಸಿಕ್ಕವು. ಅಜ್ಜನ ಗುರುತಿನ ಮೂರು ಗೀರು ಬಾಚಿಯ ಕಿವಿಯ ಬಳಿ ಇತ್ತು. ರಂದಾ ಸಿಗಲಿಲ್ಲ. ಅಂಗಡಿಯವನು ಸಹಜವಾಗಿಯೇ ಹೇಳಿದ: “ಅಜ್ಜಾರ, ಕಟ್ಟಿಗಿ ತೂಕಕ್ಕ ಬರಂಗಿಲ್ರೀ. ಕಾವು ಕಿತ್ತು ಒಲಿಗಿ ಹಾಕ್ತೀವ್ರಿ.” ಮೂರು ತಲೆಮಾರಿನ ಅಂಗೈ ತಿಕ್ಕಿ ಕನ್ನಡಿಯಂತಾದ ಕಟ್ಟಿಗೆಯ ಮೈಗಳು ಹೀಗೆ ಒಲೆಗೆ ಹೋಗುತ್ತವೆಂಬುದನ್ನು ನಾವು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲ. ಆದುದರಿಂದ ಮನೆಯಲ್ಲಿ ಯಾರಾದರೂ ಹಳೆಯ ಪೆಟ್ಟಿಗೆಯನ್ನು ಮಾರಲು ಹೊರಟರೆ ರಂದಾ, ಬೈರಿಗೆ, ಗರಗಸಗಳಂಥ ಕಟ್ಟಿಗೆಯ ಮೈಯುಳ್ಳ ಸಾಮಾನನ್ನಾದರೂ ಮೊದಲು ತೆಗೆದಿರಿಸಿರಿ.

ಹುಡುಕುವವರು ತಿಳಿಯಬೇಕಾದ ಮೊದಲ ಸಂಗತಿ ಉಕ್ಕಿನ ಪರೀಕ್ಷೆ. ಹಳೆಯ ಕಂಬಾರರು ಇಡೀ ಸಲಕರಣೆಯನ್ನು ಉಕ್ಕಿನಿಂದ ಮಾಡುತ್ತಿರಲಿಲ್ಲ. ಉಕ್ಕು ತುಟ್ಟಿಯ ವಸ್ತು. ಮೆದು ಕಬ್ಬಿಣದ ಮೈಗೆ ಅಲಗಿನ ಕಡೆ ಮಾತ್ರ ಉಕ್ಕಿನ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಅಂಥ ಬಾಚಿಯ ಅಲಗನ್ನು ಕಲ್ಲಿನ ಮೇಲೆ ಸ್ವಲ್ಪ ತಿಕ್ಕಿದರೆ ಎರಡು ಬಗೆಯ ಹೊಳಪು, ನಡುವೆ ಸಣ್ಣ ಗೆರೆ ಕಾಣುತ್ತದೆ. ಆ ಗೆರೆಯಿಂದ ಅಂಚಿನವರೆಗೆ ಉಕ್ಕು ಎಷ್ಟು ಉಳಿದಿದೆಯೋ ಅಷ್ಟೇ ಅದರ ಆಯುಷ್ಯ. ಜೇಬಿನಲ್ಲಿ ಒಂದು ಚಿಕ್ಕ ಅರ ಇಟ್ಟುಕೊಂಡು ಹೋಗುವುದು ನಮ್ಮ ಪದ್ಧತಿ. ಅರವು ಅಲಗಿನ ಮೇಲೆ ಜಾರಿದರೆ ಉಕ್ಕು ಗಡಸಾಗಿದೆ. ಸಲೀಸಾಗಿ ಕಚ್ಚಿ ಕೊರೆದರೆ ಹದ ಹೋಗಿದೆ, ಇಲ್ಲವೆ ಮೊದಲೇ ಅದು ಉಕ್ಕಲ್ಲ. ಬಿರುಕು ಬಿಟ್ಟದ್ದನ್ನು ಬೆರಳಲ್ಲಿ ತೂಗಿ ಹಿಡಿದು ತಟ್ಟಿದಾಗ ಒಡೆದ ಗಂಟೆಯಂತೆ ಸದ್ದು ಬರುತ್ತದೆ. ತುಕ್ಕಿಗೆ ಹೆದರಬೇಕಾದ್ದಿಲ್ಲ, ತುಕ್ಕು ಕೊರೆದ ಕುಳಿಗಳಿಗೆ ಹೆದರಬೇಕು. ಮೈಮೇಲೆ ಕುಳಿ ಇದ್ದರೆ ಅಡ್ಡಿಯಿಲ್ಲ. ಉಳಿಯ ಬೆನ್ನಿನಲ್ಲಿ ಅಂಚಿನ ಹತ್ತಿರ ಕುಳಿ ಇದ್ದರೆ ಅದು ಎಂದಿಗೂ ಸರಿಯಾಗಿ ಹರಿತವಾಗದು. ತಲೆ ಅಣಬೆಯಂತೆ ಹರಡಿದ ಸುತ್ತಿಗೆ, ಉಳಿಗಳನ್ನು ಹಾಗೆಯೇ ಬಳಸಬಾರದು. ಅಂಚಿನ ಚೂರು ಸಿಡಿದು ಕಣ್ಣಿಗೆ ಹೊಡೆಯುತ್ತದೆ. ಅಂಚನ್ನು ಮೊದಲು ತಿಕ್ಕಿ ತೆಗೆಯಬೇಕು.

ಮುದ್ರೆಯುಳ್ಳ ಸಾಮಾನೂ ಆಗಾಗ ಕಾಣಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಹೆಸರು ಕೆತ್ತಿದ ಉಳಿ, ಟಾಟಾ ಅಗ್ರಿಕೊದ ಗುದ್ದಲಿ ಇಂಥವು. ಕಿರ್ಲೋಸ್ಕರ ನೇಗಿಲಿನ ಭಾಗ ಸಿಕ್ಕರೆ ಕನ್ನಡಿಗರು ಅದನ್ನು ಅಭಿಮಾನದಿಂದ ನೋಡಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣ ತಗಲಿದರೆ ಭೂಮಿಗೆ ವಿಷ ಏರುತ್ತದೆಂದು ಮೊದಲಲ್ಲಿ ರೈತರು ಆ ನೇಗಿಲನ್ನು ಕೊಳ್ಳಲು ಹಿಂಜರಿದರಂತೆ. ನಮ್ಮ ಸೀಮೆಯ ಸಾಮಾನಿನಲ್ಲಿ ಬಹುಪಾಲಿಗೆ ಯಾವ ಮುದ್ರೆಯೂ ಇರುವುದಿಲ್ಲ. ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಕೊಡಲಿ, ಸವೆದ ಅರದಿಂದ ಮಾಡಿದ ಉಳಿ ನೋಡಲು ಒರಟು, ಕೆಲಸಕ್ಕೆ ಉತ್ತಮ. ಸರಕಾರದ ಇಲಾಖೆಯ ಗುರುತಿರುವ ಹೊಸ ಸಾಮಾನು ಗುಜರಿಯಲ್ಲಿ ಕಂಡರೆ ಮುಟ್ಟದಿರುವುದೇ ಲೇಸು. ಅದು ಅಲ್ಲಿಗೆ ಹೇಗೆ ಬಂದಿತೆಂದು ಊಹಿಸಬಹುದು.

ಒಮ್ಮೆ ಮಸ್ಕಿಯಲ್ಲಿ ದಬ್ಬಣವೆಂದು ಮೊಳೆಗಳ ಡಬ್ಬಿಯಲ್ಲಿ ಹಾಕಿದ್ದ ಕಬ್ಬಿಣದ ಕಡ್ಡಿಯೊಂದು ಕೈಗೆ ಬಂದಿತು. ನೋಡಿದರೆ ತಾಳೆಗರಿಯ ಮೇಲೆ ಬರೆಯುವ ಕಂಠ! ಮಠದಲ್ಲಿ ಓಲೆಗರಿಗಳನ್ನು ಓದುತ್ತ ಬೆಳೆದ ನಮಗೆ ಅದನ್ನು ಗುರುತಿಸಲು ತಡವಾಗಲಿಲ್ಲ. ಅಂಗಡಿಯವನು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ತುಕ್ಕು ತೆಗೆಯುವ ಕೆಲಸಕ್ಕೆ ಮನೆಯಲ್ಲಿರುವ ಪದಾರ್ಥಗಳೇ ಸಾಕು. ಸೀಮೆಎಣ್ಣೆಯೋ ಡೀಸೆಲ್ಲೋ ದೊರೆತರೆ ಅದರಲ್ಲಿ ಒಂದೆರಡು ದಿನ ನೆನೆಸಿ ಇಟ್ಟಿಗೆಯ ಪುಡಿಯಿಂದ ತಿಕ್ಕಬೇಕು. ಹಟಮಾರಿ ತುಕ್ಕಿಗೆ ಹುಣಸೆಹಣ್ಣಿನ ಗಟ್ಟಿ ನೀರು. ತಾಮ್ರದ ಕೊಡ ಬೆಳಗುವ ತಾಯಂದಿರಿಗೆ ಇದರ ಗುಣವನ್ನು ಹೇಳಬೇಕಾಗಿಲ್ಲ. ಆದರೆ ಹುಳಿಯು ತುಕ್ಕನ್ನು ತಿಂದ ಮೇಲೆ ಕಬ್ಬಿಣವನ್ನೂ ತಿನ್ನತೊಡಗುತ್ತದೆ. ಆದ್ದರಿಂದ ಆಗಾಗ ತೆಗೆದು ನೋಡುತ್ತಿರಬೇಕು, ಕೆಲಸವಾದೊಡನೆ ತೊಳೆದು, ಬಿಸಿಲಲ್ಲಿ ಒಣಗಿಸಿ, ತಡಮಾಡದೆ ಎಣ್ಣೆ ಸವರಬೇಕು. ತೊಳೆದು ಹಾಗೆಯೇ ಬಿಟ್ಟರೆ ಗಳಿಗೆಯೊಳಗೆ ಕೆಂಪು ಪೊರೆ ಮೂಡುತ್ತದೆ. ಇಲ್ಲಿ ಒಂದು ಮಾತು: ಮಹಾನವಮಿಯ ಖಂಡೆಪೂಜೆಯಂದು ನಾವೆಲ್ಲ ಸಲಕರಣೆಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಹೂವೇರಿಸಿ, ಮರುದಿನ ಬನ್ನಿ ಕೊಡುವ ಸಂಭ್ರಮದಲ್ಲಿ ಅವನ್ನು ಒದ್ದೆಯಾಗಿಯೇ ಮರೆತುಬಿಡುತ್ತೇವೆ. ವರ್ಷದ ತುಕ್ಕಿನಲ್ಲಿ ಅರ್ಧ ಈ ಪೂಜೆಯ ಪ್ರಸಾದವೇ!

ಎಲ್ಲಕ್ಕಿಂತ ಹೆಚ್ಚಿನ ಹಾನಿ ಬೆಂಕಿಯಿಂದ ಆಗುತ್ತದೆ. ಕೊಡಲಿಯ ಕಣ್ಣಿನಲ್ಲಿ ಮುರಿದ ಕಾವಿನ ತುಂಡು ಸಿಕ್ಕಿಕೊಂಡರೆ ಅದನ್ನು ಒಲೆಗೆ ಹಾಕಿ ಸುಡುವ ರೂಢಿ ಇದೆ. ಕಾವೇನೋ ಸುಟ್ಟು ಹೋಗುತ್ತದೆ, ಜೊತೆಗೆ ಅಲಗಿನ ಹದವೂ ಹೋಗುತ್ತದೆ. ಗಡಸು ಉಕ್ಕನ್ನು ಕಾಯಿಸುತ್ತ ಹೋದರೆ 220-240 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಣಹುಲ್ಲಿನ ಬಣ್ಣ, ಸುಮಾರು 300ಕ್ಕೆ ನೀಲಿ ಬಣ್ಣ ಬರುತ್ತದೆ. ಉಳಿಯ ಅಲಗು ನೀಲಿಗೆ ತಿರುಗಿತೆಂದರೆ ಅದು ಮೆತ್ತಗಾಯಿತೆಂದೇ ಅರ್ಥ. ಗರಗರ ತಿರುಗುವ ವಿದ್ಯುತ್ ಸಾಣೆಗೆ ಹಿಡಿದಾಗಲೂ ಇದೇ ಆಗುತ್ತದೆ. ಕೈಸಾಣೆಯ ಮೇಲೆ ನೀರು ಹನಿಸಿ ನಿಧಾನವಾಗಿ ತಿಕ್ಕುವುದೇ ಕ್ಷೇಮ. ಕಾವಿನ ತುಂಡನ್ನು ಕೊರೆದು, ಬಡಿದು ಹೊರತೆಗೆಯಬೇಕು. ಹದ ಹೋದದ್ದನ್ನು ಮತ್ತೆ ಕಾಯಿಸಿ ನೀರಿಗೆ ಅದ್ದಿ ಹದಗೊಳಿಸುವ ವಿದ್ಯೆ ಕಂಬಾರರದು. ನಾವು ನೀವು ಕೈ ಹಾಕುವ ಕೆಲಸವಲ್ಲ. ಮಸ್ಕಿಯ ಬಳಿಯ ಹಿರಿಯ ಕಂಬಾರರೊಬ್ಬರಿಗೆ ಆ ತರುಣನ ಬಾಚಿಯನ್ನು ತೋರಿಸಿದೆವು. ಉಗುರಿನಿಂದ ಅಲಗನ್ನು ತಟ್ಟಿ, ಕಿವಿಯ ಹತ್ತಿರ ಹಿಡಿದು, “ಉಕ್ಕು ಇನ್ನೂ ಐತ್ರೀ ಅಜ್ಜಾರ, ಸತ್ತಿಲ್ಲ” ಎಂದರು. ಹಣಿದು ಹದ ಮಾಡಿಕೊಟ್ಟರು. ಅವರ ಕುಲುಮೆಯಲ್ಲಿ ಈಗ ವಾರಕ್ಕೆ ಎರಡು ದಿನ ಮಾತ್ರ ಬೆಂಕಿ.

ಕಾವಿಗೆ ನಮ್ಮ ಕಡೆಯ ಜಾಲಿಯ ಕಟ್ಟಿಗೆ ಶ್ರೇಷ್ಠ. ನೆರಳಲ್ಲಿ ಚೆನ್ನಾಗಿ ಆರಿರಬೇಕು, ಎಳೆಗಳು ಉದ್ದಕ್ಕೂ ಓಡಿರಬೇಕು, ಗಂಟು ಇರಬಾರದು. ಹಸಿ ಕಟ್ಟಿಗೆಯ ಕಾವು ಆರಿದ ಮೇಲೆ ಸಡಿಲಾಗಿ ಕೊಡಲಿ ಹಾರಿಬೀಳುತ್ತದೆ. ಕಾವಿಗೆ ಸವರಲು ಅಗಸೆ ಎಣ್ಣೆ ಅಥವಾ ಕುಸುಬೆ ಎಣ್ಣೆ. ಇವು ಗಾಳಿಯನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವ ಜಾತಿಯವು, ಹರಳೆಣ್ಣೆಯಂತೆ ಅಂಟಾಗಿ ಉಳಿಯುವುದಿಲ್ಲ. ತೆಳ್ಳಗೆ ಸವರಿ ಕೆಲವು ದಿನ ಬಿಡಬೇಕು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ತನ್ನಷ್ಟಕ್ಕೆ ತಾನೇ ಕಾವೇರಿ ಹೊತ್ತಿಕೊಳ್ಳುವ ಅಪಾಯವಿದೆ. ಬಿಡಿಸಿ ಬಯಲಲ್ಲಿ ಒಣಹಾಕಿರಿ.

ನಮ್ಮ ಈ ಸೀಮೆಗೆ ಸಲಕರಣೆಗಳ ಇತಿಹಾಸವೇ ದೊಡ್ಡದು. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು ಶೋಧಿಸಿ 1960ರಲ್ಲಿ ಪ್ರಕಟಿಸಿದ ನವಶಿಲಾಯುಗದ ನೆಲೆ ಇದೆ. ಕಲ್ಲನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿದ ಕೊಡಲಿಗಳ ಕಾಲ ಅದು. 1954ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ ಕಲ್ಲಿನ ಉಪಕರಣಗಳ ಪದರದ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲದ ಕಬ್ಬಿಣ ದೊರೆಯಿತು. ಅದೇ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರು ಗುರುತಿಸಿದ ಬಂಡೆಶಾಸನದಿಂದ ದೇವಾನಾಂಪ್ರಿಯನು ಅಶೋಕನೇ ಎಂಬುದು ಖಚಿತವಾಯಿತು. ಆ ಅಕ್ಷರಗಳನ್ನು ಕೊರೆದವನೂ ಒಬ್ಬ ಉಳಿಯ ಕಾಯಕದವನೇ. ಅವನ ಉಳಿಯನ್ನು ಸಾಣೆ ಹಿಡಿದುಕೊಟ್ಟವನೊಬ್ಬನು ಇದ್ದಿರಲೇಬೇಕು.

ಶರಣರಲ್ಲಿ ಬಾಚಿಯೇ ಹೆಸರಾದ ಬಾಚಿಕಾಯಕದ ಬಸವಯ್ಯನವರಿದ್ದರು, ಬಿದಿರು ಸೀಳುವ ಮೇದಾರ ಕೇತಯ್ಯನವರಿದ್ದರು. ಆದರೆ ಗುಜರಿ ಅಂಗಡಿಯಲ್ಲಿ ನಿಂತಾಗ ನಮಗೆ ನೆನಪಾಗುವವರು ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದೇ ಮಾರಯ್ಯನವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದರು. ಹಳೆಯ ಸಾಮಾನು ಅಗ್ಗವಾಗಿ ಸಿಗುತ್ತದೆಂದು ಐದು ಬಾಚಿ, ಹತ್ತು ಉಳಿ ಕೂಡಿಡುವ ಚಟ ನಮ್ಮ ಪರಿಚಿತರಲ್ಲಿ ಕೆಲವರಿಗೆ ಹತ್ತಿದೆ. ಪಟ್ಟಣದ ಕೆಲವರು ರಂಟೆಯ ನೊಗಕ್ಕೆ ವಾರ್ನಿಷ್ ಬಳಿದು ಹಜಾರದ ಗೋಡೆಗೆ ತೂಗುಹಾಕುತ್ತಾರೆ. ಅದು ನಮಗೆ ರುಚಿಸದು. ಬೇಕಾದವನು ಮಸ್ಕಿಯಲ್ಲೋ ಸಿಂಧನೂರಿನಲ್ಲೋ ಹುಡುಕುತ್ತಿರುವಾಗ ಬೇಡದವನು ಗೋಡೆಗೆ ಹೊಡೆದಿಟ್ಟುಕೊಂಡರೆ ಲಕ್ಕಮ್ಮನವರು ಏನೆಂದಾರು?

ಆ ತರುಣನ ಕೆಲಸ ಈಗ ಕರೆಂಟು ಹೋದಾಗಲೂ ನಡೆಯುತ್ತಿದೆ. ಚೌಕಟ್ಟಿನ ಕಂಡಿಗಳನ್ನು ಅಜ್ಜನ ಉಳಿಯಿಂದಲೇ ಕೊರೆಯುತ್ತಾನೆ. ಸಾಲದಲ್ಲಿ ಅರ್ಧ ಇನ್ನೂ ಉಳಿದಿದೆ. ರಂದಾದ ಮೈಯನ್ನು ಜಾಲಿಯ ಕಟ್ಟಿಗೆಯಲ್ಲಿ ತಾನೇ ಮಾಡಿಕೊಂಡಿದ್ದಾನೆ. ಅದಕ್ಕೆ ಎರಡಂಗುಲ ಅಗಲದ ಹಳೆಯ ಅಲಗು ಬೇಕಾಗಿದೆ. ಓದುಗರ ಮನೆಯ ಅಟ್ಟದ ಮೇಲೆ ಅಂಥದು ಬಿದ್ದಿದ್ದರೆ ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಬರೆಯಿರಿ, ನಾವು ಬಂದು ಒಯ್ಯುತ್ತೇವೆ.