ಆಟದ ನಗರವೂ ಹೆದ್ದಾರಿಯ ಕೂಡುದಾರಿಯೂ

ರಜೆಯ ದಿನಗಳಲ್ಲಿ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಗಂಟೆಗಟ್ಟಲೆ ನಗರ ಕಟ್ಟುವುದನ್ನು ಕಂಡು ಹಿರಿಯರು ಬೇಸರಿಸುವುದು ಸಹಜ. ಕಾಲಹರಣವೆಂದು ಗದರುವ ಮುನ್ನ, ಆ ತೆರೆಯ ಮೇಲೆ ನಡೆದಿರುವುದೇನೆಂದು ಒಮ್ಮೆ ನೋಡುವುದು ಒಳಿತೆಂಬುದು ನಮ್ಮ ಅಭಿಮತ.

‘ಸಿಟೀಸ್: ಸ್ಕೈಲೈನ್ಸ್’ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಫಿನ್ಲೆಂಡಿನ ತಾಂಪೆರೆ ನಗರದ ಕೊಲೋಸಲ್ ಆರ್ಡರ್ ಎಂಬ ಚಿಕ್ಕ ಸಂಸ್ಥೆ ರಚಿಸಿದ ಇದು 2015ರ ಮಾರ್ಚ್‌ನಲ್ಲಿ ಹೊರಬಂದಿತು. ಬರಿದಾದ ಭೂಮಿ, ಅದಕ್ಕೆ ತಾಗಿದ ಒಂದು ಹೆದ್ದಾರಿ, ಇಷ್ಟರಿಂದಲೇ ಆರಂಭ. ಹೊಸ ನಿವಾಸಿಗಳೂ ಸರಕಿನ ಲಾರಿಗಳೂ ಮೊದಲಿಗೆ ಆ ಒಂದೇ ಬಾಗಿಲಿನಿಂದ ಒಳಬರಬೇಕು. ಊರು ಬೆಳೆದಂತೆ ಬಾಗಿಲು ಕಟ್ಟಿಕೊಳ್ಳುತ್ತದೆ. ಕಸದ ಗಾಡಿ ಸಿಕ್ಕಿಕೊಂಡರೆ ಮನೆಗಳಲ್ಲಿ ಕಸ ಕೂಡುತ್ತದೆ. ಅಗ್ನಿಶಾಮಕ ವಾಹನ ತಡವಾದರೆ ಕಟ್ಟಡ ಸುಟ್ಟು ಹೋಗುತ್ತದೆ. ಶವವಾಹನ ಬಾರದಿದ್ದರೆ ಉಳಿದವರು ಮನೆಯನ್ನೇ ತೊರೆಯುತ್ತಾರೆ. ಬಹಳ ಹೊತ್ತು ನಿಂತ ವಾಹನವನ್ನು ಆಟವೇ ಮಾಯ ಮಾಡುವುದೂ ಉಂಟು. ಅಂಥ ಸೌಕರ್ಯ ನಮ್ಮ ರಸ್ತೆಗಳಿಗಿಲ್ಲವಷ್ಟೆ!

ಎಳೆಯ ಆಟಗಾರನಿಗೆ ಮೊದಲು ಹೊಳೆಯುವ ಉಪಾಯ ರಸ್ತೆಯನ್ನು ಅಗಲಿಸುವುದು. ಅದರಿಂದ ಫಲ ಅಲ್ಪ. ಈ ಆಟದಲ್ಲಿ ವಾಹನಗಳು ಮುಂದಿನ ತಿರುವಿಗೆ ಬೇಕಾದ ಪಥವನ್ನು ಬಹು ಮುಂಚಿತವಾಗಿಯೇ ಹಿಡಿಯುತ್ತವೆ. ಒಂದು ಪಥದಲ್ಲಿ ಮೈಲುದ್ದ ಸಾಲು, ಪಕ್ಕದ ಪಥಗಳು ಬರಿದು. ಆಗ ಅವನ ದೃಷ್ಟಿ ಇಂಟರ್‌ಚೇಂಜಿನತ್ತ, ಅಂದರೆ ಎರಡು ಹೆದ್ದಾರಿಗಳು ಸಿಗ್ನಲಿಲ್ಲದೆ ಕೂಡಿ ಅಗಲುವ ಮೇಲ್ಸೇತುವೆಗಳ ಜಾಲದತ್ತ ಹೊರಳುತ್ತದೆ.

ಇವುಗಳಲ್ಲಿ ಕಣ್ಣಿಗೆ ಅಂದವಾದುದು ನಾಲ್ಕೆಸಳಿನ ಕ್ಲೋವರ್ ಎಲೆಯ ಆಕಾರದ್ದು. ಅಮೆರಿಕದ ಆರ್ಥರ್ ಹೇಲ್ ಎಂಬ ಇಂಜಿನಿಯರು 1916ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ಇಂಥದು ಸಂಚಾರಕ್ಕೆ ತೆರೆಯಿತು. ನಮ್ಮಂತೆ ಎಡಬದಿಯಲ್ಲಿ ಚಲಿಸುವ ಏರ್ಪಾಡನ್ನು ಆಟದಲ್ಲಿ ಆಯ್ದುಕೊಳ್ಳಬಹುದು. ಆಗ ಬಲಕ್ಕೆ ಹೋಗಬೇಕಾದವನು ಸೇತುವೆ ದಾಟಿ, ಎಡಕ್ಕೆ ಮುಕ್ಕಾಲು ಸುತ್ತು ಹಾಕಿ, ಅಡ್ಡ ಹೆದ್ದಾರಿಯನ್ನು ಸೇರುತ್ತಾನೆ. ಯಾರಿಗೂ ಯಾರೂ ಅಡ್ಡ ಬರಲಿಲ್ಲವೆನ್ನೋಣವೇ? ಇಲ್ಲ, ದೋಷ ಅಲ್ಲಿಯೇ ಅಡಗಿದೆ. ಒಂದು ಎಸಳಿನಿಂದ ಒಳಬರುವ ವಾಹನ, ಮುಂದಿನ ಎಸಳಿಗೆ ಹೊರಹೋಗುವ ವಾಹನ, ಎರಡೂ ಸೇತುವೆಯ ಬಳಿಯ ಗಿಡ್ಡ ಅಂತರದಲ್ಲಿ ಪಥ ಬದಲಿಸಬೇಕು. ಮಗ್ಗದ ನೂಲಿನಂತೆ ಹೆಣೆದುಕೊಂಡು ಎರಡೂ ನಿಲ್ಲುತ್ತವೆ.

ಪರಿಹಾರವು ಅನುಕ್ರಮದಲ್ಲಿದೆ: ಹೊರಹೋಗುವವರಿಗೆ ಮೊದಲು ದಾರಿ, ಒಳಬರುವವರಿಗೆ ಅನಂತರ. ಪಥಗಳ ಲೆಕ್ಕವನ್ನೂ ಇಡಬೇಕು. ಮೂರು ಪಥಗಳ ಹೆದ್ದಾರಿಯಿಂದ ಒಂದು ಪಥ ಅಗಲಿದರೆ ಮುಂದೆ ಎರಡನ್ನೇ ಉಳಿಸಿ, ಬೇರೊಂದು ಬಂದು ಸೇರುವಲ್ಲಿ ಮತ್ತೆ ಮೂರು ಮಾಡಬೇಕು. ಆಗ ಒಳಬರುವ ವಾಹನ ಯಾರ ಸಾಲಿಗೂ ನುಗ್ಗಬೇಕಾಗಿಲ್ಲ. ರಸ್ತೆಯನ್ನು ಕಿರಿದು ಮಾಡಿದಾಗ ಸಂಚಾರ ಸುಗಮವಾಗುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಇನ್ನು ಕಾರ್ಖಾನೆಗಳ ಬಡಾವಣೆಗೆ ಹೆದ್ದಾರಿಯಿಂದ ನೇರವಾಗಿ ಬೇರೊಂದು ದಾರಿ ಕೊಟ್ಟರೆ, ಲಾರಿಗಳು ಪೇಟೆಯೊಳಕ್ಕೆ ಬರುವುದೇ ತಪ್ಪುತ್ತದೆ. ಭಾರಿ ಸೇತುವೆಗಿಂತ ಈ ಸಾದಾ ಉಪಾಯವೇ ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ.

ಆದರೂ ಆಟಗಾರರ ಮನಸ್ಸು ಸೋಲುವುದು ಅಂತಸ್ತುಗಳ ಸೇತುವೆಗೆ. ಲಾಸ್ ಏಂಜಲೀಸ್‌ನಲ್ಲಿ 1953ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ನಾಲ್ಕು ಅಂತಸ್ತಿನ ಇಂಟರ್‌ಚೇಂಜ್ ಇದಕ್ಕೆ ಮೂಲ ಮಾದರಿ. ಅಲ್ಲಿ ಹೆಣಿಗೆಯ ತೊಡಕಿಲ್ಲ. ಪ್ರತಿ ದಿಕ್ಕಿಗೂ ಪ್ರತ್ಯೇಕ ದಾರಿ. ಆದರೆ ಅದನ್ನು ಕಟ್ಟಲು ಸಾವಿರಾರು ಜನ ಮನೆ ಕಳೆದುಕೊಂಡರೆಂಬುದನ್ನು ಆಟ ಹೇಳುವುದಿಲ್ಲ. ಆಟದಲ್ಲಿ ಮನೆಗಳ ಮೇಲೆಯೇ ರಸ್ತೆಯ ಗೆರೆ ಎಳೆದರಾಯಿತು, ಮನೆಗಳು ತಾವಾಗಿಯೇ ಅಳಿಯುತ್ತವೆ. ನ್ಯಾಯಾಲಯವಿಲ್ಲ, ಪರಿಹಾರಧನವಿಲ್ಲ, ಅಂಗಳದಲ್ಲಿ ನಿಂತು ಅಳುವ ಅಜ್ಜಿಯಿಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ವಾಹನಗಳು ಕಾಲ, ಹಣ, ಅನುಕೂಲಗಳನ್ನು ತೂಗಿ ದಾರಿ ಆರಿಸಿಕೊಳ್ಳುತ್ತವೆ. ಅಲ್ಲಿಯೂ ಮನೆಯವರ ಮಾತು ಆ ತಕ್ಕಡಿಗೆ ಬಂದಿಲ್ಲ.

ಮಗನೋ ಮಗಳೋ ತಾನು ಕಟ್ಟಿದ ಸೇತುವೆಯನ್ನು ತೋರಿಸಲು ಕರೆದರೆ ಹೋಗಿ ನೋಡಿ. ಲಾರಿಗಳ ಸಾಲು ಕರಗಿತೇ ಎಂದು ವಿಚಾರಿಸಿ; ಅದಕ್ಕಾಗಿ ಎಷ್ಟು ಮನೆಗಳು ಹೋದುವೆಂದೂ ಕೇಳಿ.