ಮುಂಗಡ ಕೊಡುವ ಮುನ್ನ

ತುಂಗಭದ್ರೆಯ ದಂಡೆಯ ಹುಲಿಗಿಯಂಥ ಊರಿನಲ್ಲಿ ಬಾಡಿಗೆ ಮನೆ ಕೇಳಿದರೆ “ನೀವು ಯಾರ ಪೈಕಿ?” ಎನ್ನುತ್ತಾರೆ. ಗುರುತಿನವರೊಬ್ಬರು ಒಂದು ಮಾತು ಹೇಳಿದರೆ ಸಾಕು, ಬೀಗದ ಕೈ ಸಿಗುತ್ತದೆ. ಅದೇ ಊರಿನ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದು ಹೆಂಡತಿ ಮಕ್ಕಳೊಡನೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದನೆನ್ನಿ. ಬೆಳಗ್ಗೆ ಇಳಿಯುವ ನಗರದಲ್ಲಿ ಅವನ ಪರ ಮಾತಾಡಲು ಯಾರೂ ಇಲ್ಲ. ಅಲ್ಲಿ ಮೊದಲು ಕೇಳುವುದೇ ಅಡ್ವಾನ್ಸ್.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 12,000 ರೂ. ಬಾಡಿಗೆಯ ಮನೆ. ಹಳೆಯ ರೂಢಿಯಂತೆ ಹತ್ತು ತಿಂಗಳ ಮುಂಗಡ ಕೇಳಿದರೆ 1,20,000 ರೂ. ಮೊದಲ ತಿಂಗಳ ಬಾಡಿಗೆ, ದಲ್ಲಾಳಿಗೆ ಒಂದು ತಿಂಗಳದ್ದು ಸೇರಿ 1,44,000 ರೂ. ಕೇಂದ್ರ ಸರಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎನ್ನುತ್ತದೆ. ಆದರೆ ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ.

ಇನ್ನು ಹೆಸರು ಕೇಳಿದೊಡನೆ “ಈಗಷ್ಟೇ ಬೇರೆಯವರಿಗೆ ಆಯಿತು” ಎನ್ನುವ ಮನೆ ಮಾಲಕರೂ ಇದ್ದಾರೆ. ಹೀಗೆ ನಾಲ್ಕು ಕಡೆ ಅನಿಸಿಕೊಂಡವರು ಕೊನೆಗೆ ಶಿವಾಜಿನಗರ, ಟ್ಯಾನರಿ ರಸ್ತೆ, ಗುರಪ್ಪನಪಾಳ್ಯದ ಕಡೆ ಹೋಗುತ್ತಾರೆ. ಅಲೆದು ಸುಸ್ತಾದವರು ಸಿಕ್ಕ ಮನೆ ಬಿಟ್ಟೀತೆಂಬ ಭಯದಲ್ಲಿ ಏನನ್ನೂ ಕೇಳದೆ ಹಣ ಕೊಟ್ಟುಬಿಡುತ್ತಾರೆ. ಎಡವುವುದು ಇಲ್ಲಿಯೇ.

ಆ ಹಣ ಬಂದದ್ದೆಲ್ಲಿಂದ? ಎಷ್ಟೋ ಮನೆಗಳಲ್ಲಿ ಹೆಂಡತಿಯ ಬಳೆಯಿಂದ. ಮಹ್ರ್‌ನ ಚಿನ್ನ ಅವಳದೇ ಸೊತ್ತು. ಅದನ್ನು ಅಡವಿಟ್ಟು ತಂದ ಹಣಕ್ಕೆ ಕರಾರು ಪತ್ರದಲ್ಲಿ ಅವಳ ಹೆಸರೇಕೆ ಇರಬಾರದು? ಹಣ ಅವಳ ಬ್ಯಾಂಕ್ ಖಾತೆಯಿಂದಲೇ ಹೋಗಲಿ, ಪತ್ರದಲ್ಲಿ ಅವಳೂ ಬಾಡಿಗೆದಾರಳಾಗಲಿ. ಮನೆ ಬಿಡುವಾಗ ಮುಂಗಡ ಎಷ್ಟು ದಿನದೊಳಗೆ ಮರಳಬೇಕು, ಬಣ್ಣಕ್ಕೆಂದು ಎಷ್ಟು ಹಿಡಿಯಬಹುದು ಎಂಬುದನ್ನೂ ಬರೆಸಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಳಹೋಗುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೋ ತೆಗೆದಿಡಿ.

ಮನೆ ನೋಡಲು ಗಂಡಸರನ್ನಷ್ಟೇ ಕಳಿಸಬೇಡಿ. ದಿನವಿಡೀ ಅಲ್ಲಿರುವವರು ನೀವು. ಕಾವೇರಿ ನೀರಿದೆಯೇ, ಬೋರ್‌ವೆಲ್ ಮಾತ್ರವೇ, ಟ್ಯಾಂಕರಿನ ಖರ್ಚು ಯಾರದು ಎಂದು ಕೇಳಿ. 2024ರ ಬೇಸಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ಪಟ್ಟ ಪಾಡು ನೆನಪಿರಲಿ. ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ ನೋಡಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ನಾಲ್ಕು ಮನೆಗೆ ಒಂದೇ ಮೀಟರಾದರೆ ಆ ಅನುಕೂಲ ಕೈತಪ್ಪಬಹುದು.

ತಿಂಗಳ ಬಾಡಿಗೆ ಬೇಡ, ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳೋಣ ಎನಿಸಬಹುದು. ಮಾಲಕ ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಪಡೆದು ಕಟ್ಟದೆ ಹೋದರೆ ಮನೆ ಹರಾಜಿಗೆ ಬರುತ್ತದೆ, ಭೋಗ್ಯದವರು ಬೀದಿಗೆ. ಆದ್ದರಿಂದ ಮೊದಲು ಉಪನೋಂದಣಿ ಕಚೇರಿಯ ಋಣಭಾರ ಪತ್ರ ನೋಡಿ. ಸಾಲವಾಗಿ ಕೊಟ್ಟ ಹಣಕ್ಕೆ ಪ್ರತಿಯಾಗಿ ಬಿಟ್ಟಿ ವಾಸ ಪಡೆಯುವುದು ಬಡ್ಡಿಯಾದೀತೆಂದು ಅನೇಕ ಉಲಮಾಗಳು ಎಚ್ಚರಿಸಿದ್ದಾರೆ. ಬಲ್ಲವರನ್ನು ಕೇಳಿ ಮುಂದುವರಿಯಿರಿ.

“ಬರೆಸಿಕೊಳ್ಳಿ ಎಂದರೆ ಅವರಿಗೆ ಬೇಸರವಾದೀತು” ಎಂಬ ಸಂಕೋಚ ಬೇಡ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿಗಳೊಡನೆ ಬರೆದಿಡುವ ಕುರಿತೇ ಇದೆ. ಮೊತ್ತ ಚಿಕ್ಕದಿದ್ದರೂ ಬೇಸರಿಸಬೇಡಿ ಎಂಬ ಸೂಚನೆಯೂ ಅದರಲ್ಲಿದೆ. ಹಾಗಿರುವಾಗ ಹತ್ತು ತಿಂಗಳ ದುಡಿಮೆಯನ್ನು ಬರಿಯ ಮಾತಿನ ಮೇಲೆ ಬಿಡುವುದೇಕೆ?